ಕೋರೆ ಮುರಿದ ಗುಲಾಬಿ: ಉಣ್ಣಲಾರದ ಟರಾಂಟುಲಾ ಒಂದರ 140 ದಿನ

ಹಾಸನದಲ್ಲಿ ನಮ್ಮ ಮನೆಯಿಂದ ಎರಡು ಮನೆ ಆಚೆ, ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ಟರಾಂಟುಲಾ ಸಾಕಿದ್ದಾನೆ. ಅಂಗೈ ಅಗಲದ ಜೇಡ. ಚಿಲಿ ದೇಶದ ಒಣ ನೆಲದ್ದು. ಗ್ರಾಮೋಸ್ಟೋಲಾ ರೋಸಿಯಾ ಎಂಬ ಜಾತಿ, ಸಾಕುವವರ ಬಾಯಲ್ಲಿ ರೋಸ್ ಹೇರ್. ಬೆನ್ನ ಮೇಲೆ ಬೆಳಕು ಬಿದ್ದಾಗ ಕೂದಲು ಗುಲಾಬಿ ಬಣ್ಣಕ್ಕೆ ಹೊಳೆಯುತ್ತದೆ. ಅದಕ್ಕೇ ಅವನು ಗುಲಾಬಿ ಅಂತ ಹೆಸರಿಟ್ಟ. ಬೆಂಗಳೂರಿನ ಗೆಳೆಯನೊಬ್ಬ ಊರು ಬಿಡುವಾಗ ಡಬ್ಬಿ ಸಮೇತ ಇವನ ಕೈಗೆ ಕೊಟ್ಟು ಹೋಗಿದ್ದ.

ನಾನು ಪದವಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವಳು, ಪಶುವೈದ್ಯೆ ಅಲ್ಲ. ಆದರೂ ಗುಲಾಬಿಗೆ ಪೆಟ್ಟಾದಾಗ ಆ ಹುಡುಗ ಮೊದಲು ಫೋನ್ ಮಾಡಿದ್ದು ನನಗೆ. ಆವತ್ತಿನಿಂದ ಇಬ್ಬರೂ ಒಂದು ನೋಟ್‌ಬುಕ್ಕಿನಲ್ಲಿ ದಿನದ ಲೆಕ್ಕ ಬರೆಯುತ್ತಾ ಬಂದೆವು. ತೂಕ ಎಷ್ಟು, ನೀರು ಕುಡಿದಳಾ, ಏನು ಕೊಟ್ಟೆವು, ಏನಾಯಿತು. ಕೋರೆ ಮುರಿದ ಜೇಡವನ್ನು ಎದುರಿಗಿಟ್ಟುಕೊಂಡು ದಾರಿ ಕಾಣದೆ ಕೂತವರಿಗೆ ಆ ಲೆಕ್ಕ ಉಪಯೋಗಕ್ಕೆ ಬರಬಹುದು ಅನ್ನಿಸಿ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ದಿನಗಳಲ್ಲಿ ಗುಲಾಬಿಗೆ ಹಸಿವಿನಿಂದ ಆದ ತೊಂದರೆಗಿಂತ, ಅವಳು ಹಸಿದಿದ್ದಾಳೆ ಅನ್ನುವ ನಮ್ಮ ಸಂಕಟದಿಂದ ಆದ ತೊಂದರೆಯೇ ಜಾಸ್ತಿ. ಇದು ನನಗೆ ಅರ್ಥವಾಗಲು 24 ದಿನ ಹಿಡಿಯಿತು.

ಜರಡಿ

ಹಾಸನಾಂಬೆಯ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನಲ್ಲಿ. ಆಗ ಹಾಸನದ ಯಾವ ಮನೆಯಲ್ಲಿ ನೋಡಿದರೂ ನೆಂಟರು. ಹುಡುಗನ ಮನೆಗೂ ಚಿಕ್ಕ ಮಕ್ಕಳ ಜೊತೆ ಹತ್ತು ಹನ್ನೆರಡು ಜನ ಬಂದಿದ್ದರು. ಮಕ್ಕಳ ಕೈಗೆ ಸಿಗಬಾರದು ಅಂತ ಗುಲಾಬಿಯ ಗಾಜಿನ ತೊಟ್ಟಿಯನ್ನು ಬೀರುವಿನ ಮೇಲೆ ಎತ್ತಿಟ್ಟರು. ತೊಟ್ಟಿಯ ಪ್ಲಾಸ್ಟಿಕ್ ಮುಚ್ಚಳ ಆ ಗಡಿಬಿಡಿಯಲ್ಲಿ ಒಡೆಯಿತು. ಗಾಳಿಯೂ ಆಡುತ್ತದೆ, ಭದ್ರವೂ ಹೌದು ಅಂತ ಅಡುಗೆಮನೆಯ ಸ್ಟೀಲ್ ಜರಡಿಯನ್ನು ಬೋರಲು ಹಾಕಿ, ಮೇಲೊಂದು ಪುಸ್ತಕದ ಕಟ್ಟು ಇಟ್ಟರು. ಯಾರದೂ ತಪ್ಪು ಅನ್ನುವಂತಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು.

ಆದರೆ ತಂತಿ ಬಲೆ ಟರಾಂಟುಲಾಕ್ಕೆ ಕೆಟ್ಟದ್ದು. ಅದರ ಕಾಲ ತುದಿಯಲ್ಲಿ ಸಣ್ಣ ಕೊಕ್ಕೆಯಂಥ ಉಗುರುಗಳಿವೆ. ಗಾಜು ಹತ್ತಿ ಮೇಲೆ ಬಂದಾಗ ಆ ಉಗುರು ಬಲೆಯ ಕಣ್ಣಿಗೆ ಸಿಕ್ಕಿಕೊಳ್ಳುತ್ತದೆ. ಬಿಡಿಸಿಕೊಳ್ಳಲು ಆಗದೆ ಅದು ತಂತಿಯನ್ನೇ ಕಚ್ಚುತ್ತದೆ.

ರಾತ್ರಿ ಹನ್ನೊಂದರ ಮೇಲೆ ಫೋನ್ ಬಂತು. "ಆಂಟಿ, ಸ್ವಲ್ಪ ಬರ್ತೀರಾ? ಗುಲಾಬಿ ನೇತಾಡ್ತಿದ್ದಾಳೆ."

ನಾನು ಹೋಗುವಷ್ಟರಲ್ಲಿ ಅವಳು ಕೆಳಗೆ ಬಿದ್ದಿದ್ದಳು. ಬಲಗಡೆಯ ಮೂರನೇ ಕಾಲು ಜರಡಿಯಲ್ಲೇ ಉಳಿದಿತ್ತು. ಟರಾಂಟುಲಾ ಅಪಾಯದಲ್ಲಿ ತನ್ನ ಕಾಲನ್ನು ಬುಡದ ಕೀಲಿನಲ್ಲಿ ತಾನೇ ಕಳಚಿಕೊಳ್ಳಬಲ್ಲದು. ಅಲ್ಲಿ ಗಾಯ ಬೇಗ ಮುಚ್ಚಿಕೊಳ್ಳುತ್ತದೆ. ನೆಲದಿಂದ ಮುಚ್ಚಳಕ್ಕೆ ಒಂದಡಿಯಷ್ಟು ಎತ್ತರ ಇತ್ತು. ನೆಲದ ಮೇಲೆ ಬದುಕುವ ಭಾರಿ ಹೊಟ್ಟೆಯ ಜೇಡಕ್ಕೆ ಅಷ್ಟು ಎತ್ತರದಿಂದ ಬೀಳುವುದೂ ಸಾವಿನ ದಾರಿ. ಹೊಟ್ಟೆಯ ಚರ್ಮ ತುಂಬ ತೆಳು, ಒಡೆದರೆ ಉಳಿಯುವುದು ಕಷ್ಟ. ಟಾರ್ಚ್ ಹಿಡಿದು ಸುತ್ತಲೂ ನೋಡಿದೆವು. ಹೊಟ್ಟೆ ಒಡೆದಿರಲಿಲ್ಲ.

ಕಾಲು ಕಳಚಿದ ಜಾಗದಲ್ಲಿ ತಿಳಿನೀಲಿ ಹನಿಯೊಂದು ಇತ್ತು. ಅದೇ ಅವಳ ರಕ್ತ. ನಮ್ಮ ರಕ್ತದಲ್ಲಿ ಕಬ್ಬಿಣ ಇರುವ ಕಡೆ ಜೇಡದ ರಕ್ತದಲ್ಲಿ ತಾಮ್ರ ಇದೆ, ಆ ಬಣ್ಣ ಅದರಿಂದ. ಹುಡುಗನ ಅಜ್ಜಿ ನಾನು ಬರುವ ಮೊದಲೇ ಅದರ ಮೇಲೆ ಚಿಟಿಕೆ ಅರಿಶಿನ ಉದುರಿಸಿದ್ದರು. "ನೋಡವ್ವಾ, ನಿಂತೈತೆ" ಅಂದರು. ನಿಜವಾಗಿಯೂ ನಿಂತಿತ್ತು. ಜೇಡ ಸಾಕುವವರು ಇಂಥ ಸಣ್ಣ ಗಾಯಕ್ಕೆ ಕಾರ್ನ್‌ಫ್ಲೋರ್ ಒತ್ತುತ್ತಾರೆ. ಒಣ ಪುಡಿ ದ್ರವವನ್ನು ಹೀರಿ ಹೆಪ್ಪುಗಟ್ಟಲು ನೆರವಾಗುತ್ತದೆ. ಇಲ್ಲಿ ಅರಿಶಿನವೂ ಅಷ್ಟೇ ಕೆಲಸ ಮಾಡಿತು. ಅದು ಜೇಡಕ್ಕೆ ಔಷಧಿ ಅಂತ ನಾನು ಹೇಳಲಾರೆ. ಪುಡಿ ಯಾವುದಾದರೂ ಹೊಟ್ಟೆಯ ಕೆಳಗೆ ಹೋಗಬಾರದು. ಪುಸ್ತಕದ ಹಾಳೆಗಳ ಹಾಗೆ ಪದರ ಪದರವಾಗಿರುವ ಎರಡು ಜೊತೆ ಶ್ವಾಸಕೋಶ ಇರುವುದು ಅಲ್ಲೇ.

ಅವಳನ್ನು ಹಿಡಿದು ಬಿಡಿಸಲು ಹೋಗಿ ಹುಡುಗನ ಮುಂಗೈ ತುಂಬ ಕೆಂಪು ದದ್ದು ಎದ್ದಿತ್ತು. ಅಮೆರಿಕ ಖಂಡದ ಬಹಳಷ್ಟು ಟರಾಂಟುಲಾಗಳು ಹೆದರಿದಾಗ ಹಿಂಗಾಲಿನಿಂದ ಹೊಟ್ಟೆಯ ಮೇಲಿನ ತುರಿಕೆ ಕೂದಲನ್ನು ಉಜ್ಜಿ ಹಾರಿಸುತ್ತವೆ. ಚರ್ಮಕ್ಕೆ ತುರಿಕೆ ಅಷ್ಟೆ. ಕಣ್ಣಿಗೆ ಹೋದರೆ ಮಾತ್ರ ದೊಡ್ಡ ತೊಂದರೆ. ಮಾರನೇ ದಿನದಿಂದ ಇಬ್ಬರೂ ಕೈಗವಸು, ಕನ್ನಡಕ ಇಲ್ಲದೆ ಡಬ್ಬಿ ತೆರೆಯಲಿಲ್ಲ.

ಮಿಠಾಯಿ ಡಬ್ಬಿಯಲ್ಲಿ ಪರೀಕ್ಷೆ

ಕಾಲು ಹೋದದ್ದು ಎಲ್ಲರಿಗೂ ಕಾಣುತ್ತಿತ್ತು. ಕೋರೆ ಹೋದದ್ದು ಯಾರಿಗೂ ಗೊತ್ತಾಗಿರಲಿಲ್ಲ. ಮರುದಿನ ಜರಡಿ ತೊಳೆಯಲು ತೆಗೆದುಕೊಂಡ ಹುಡುಗನ ಅಮ್ಮನಿಗೆ ತಂತಿಯ ನಡುವೆ ಕಪ್ಪಗೆ ಹೊಳೆಯುವ ಒಂದು ಬಾಗಿದ ಚೂರು ಸಿಕ್ಕಿತು. ಅಕ್ಕಿ ಕಾಳಿನಷ್ಟು. ನನಗೆ ತೋರಿಸಿದಾಗ ಎದೆ ಧಸಕ್ಕೆಂದಿತು.

ಪಾರದರ್ಶಕವಾದ ಒಂದು ಮಿಠಾಯಿ ಡಬ್ಬಿ ತೊಳೆದು ಒರೆಸಿ, ಪೇಂಟ್ ಬ್ರಷ್ಷಿನಿಂದ ಹಿಂಗಾಲನ್ನು ಮೆಲ್ಲಗೆ ಸವರುತ್ತಾ ಅವಳನ್ನು ಒಳಗೆ ನಡೆಸಿದೆವು. ಹುಡುಗ ಡಬ್ಬಿ ಎತ್ತಿ ಹಿಡಿದ. ನಾನು ಕೆಳಗಿನಿಂದ ಮೊಬೈಲಿನಲ್ಲಿ ಫೋಟೋ ತೆಗೆದೆ. ಹೀಗೆ ಮಾಡಿದರೆ ಜೇಡವನ್ನು ಕೈಯಲ್ಲಿ ಮುಟ್ಟುವ ಕೆಲಸವೇ ಇಲ್ಲ. ಫೋಟೋ ದೊಡ್ಡದು ಮಾಡಿ ನೋಡಿದಾಗ ಕಂಡದ್ದು ಇಷ್ಟು. ಬಲಗಡೆಯ ಕೋರೆ ಬುಡದ ಹತ್ತಿರವೇ ಮುರಿದಿದೆ, ಅಲ್ಲಿ ಒಣಗಿದ ಕಪ್ಪು ಕಲೆ. ಎಡಗಡೆಯದು ಅರ್ಧ ಉಳಿದಿದೆ, ತುದಿ ಮೊಂಡು. ಬಾಯಿಯ ಸುತ್ತಲಿನ ಕೂದಲು ಚೊಕ್ಕಟವಾಗಿದೆ, ಕೊಳೆತ ಗುರುತಿಲ್ಲ. ಚಿನ್ನ ತೂಗುವ ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ ತೂಕ 21.4 ಗ್ರಾಂ.

ಒಂದು ಕೋರೆ ನೆಟ್ಟಗಿದ್ದರೂ ಟರಾಂಟುಲಾ ಹೇಗೋ ಉಣ್ಣುತ್ತದೆ. ಎರಡೂ ಕೆಟ್ಟಾಗ ಬೇಟೆಯನ್ನು ಚುಚ್ಚಲಾರದು, ಹಿಸುಕಲಾರದು. ಆದರೆ ಅದರ ಊಟದ ರೀತಿ ಗೊತ್ತಿದ್ದರೆ ಸ್ವಲ್ಪ ಧೈರ್ಯ ಬರುತ್ತದೆ. ಜೇಡ ಯಾವತ್ತೂ ಗಟ್ಟಿ ಪದಾರ್ಥ ನುಂಗುವುದಿಲ್ಲ. ಬೇಟೆಯನ್ನು ಕೋರೆಯಿಂದ ಚುಚ್ಚಿ, ಹಿಂಡಿ, ಅದರ ಮೇಲೆ ಜೀರ್ಣರಸ ಬಿಡುತ್ತದೆ. ಒಳಗಿನ ಮಾಂಸ ಕರಗಿ ನೀರಾದ ಮೇಲೆ ಅದನ್ನು ಹೀರುತ್ತದೆ. ಹೀರುವುದಕ್ಕೆಂದೇ ಪಂಪಿನ ಹಾಗೆ ಕೆಲಸ ಮಾಡುವ ಜಠರವೊಂದಿದೆ. ಕೊನೆಗೆ ಉಳಿದ ಸಿಪ್ಪೆಯನ್ನು ಉಂಡೆ ಕಟ್ಟಿ ಬಿಸಾಡುತ್ತದೆ. ಅಂದರೆ ಗುಲಾಬಿ ಕಳೆದುಕೊಂಡದ್ದು ಅರೆಯುವ ಕಲ್ಲನ್ನು. ಕುಡಿಯುವ ಬಾಯಿ ಹಾಗೇ ಇತ್ತು. ಅರೆಯುವ ಕೆಲಸ ನಾವು ಮಾಡಿಕೊಟ್ಟರೆ ಆಯಿತು.

ಇನ್ನೊಂದು ಸಮಾಧಾನ ಇತ್ತು. ಮುರಿದ ಕೋರೆ ಪೊರೆ ಬಿಡುವಾಗ ಮತ್ತೆ ಬರುತ್ತದೆ. ಹುಡುಗನ ಟಿಪ್ಪಣಿಯ ಪ್ರಕಾರ ಗುಲಾಬಿ ಹಿಂದಿನ ಸಲ ಪೊರೆ ಬಿಟ್ಟು 14 ತಿಂಗಳಾಗಿತ್ತು. ಬೆಳೆದ ಹೆಣ್ಣು ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಪೊರೆ ಬಿಡುತ್ತದೆ. ಹಾಗಾಗಿ ನಮ್ಮ ಮುಂದಿದ್ದ ಕೆಲಸ ಒಂದೇ. ಮುಂದಿನ ಪೊರೆಯ ತನಕ ಅವಳನ್ನು ಉಳಿಸಿಕೊಳ್ಳಬೇಕು.

ಹಸು ಎಮ್ಮೆ ನೋಡುವ ಪಶುವೈದ್ಯೆ ಗೆಳತಿಯೊಬ್ಬಳಿಗೆ ಫೋಟೋ ಕಳಿಸಿದೆ. ಗಾಯ ಒಣಗಿದೆ, ಸುಮ್ನೆ ಆಂಟಿಬಯೋಟಿಕ್ ಕೊಡುವುದು ಬೇಡ, ನೀರು ತಪ್ಪಿಸಬೇಡಿ ಅಂದಳು. ಸೂಜಿ ಇಲ್ಲದ ಒಂದು ಎಂಎಲ್ ಸಿರಿಂಜ್ ಎರಡು ಕೊಟ್ಟಳು. ಇಡೀ ಚಿಕಿತ್ಸೆಗೆ ಬಳಸಿದ ಆಸ್ಪತ್ರೆ ಸಾಮಾನು ಅಷ್ಟೇ.

ಹುಡುಗನ ಅಪ್ಪ ಬೇರೆ ದಾರಿ ಹೇಳಿದರು. "ಮೇಡಂ, ಗೆಂಡೆಕಟ್ಟೆ ಕಾಡಿಗೆ ಬಿಟ್ಟು ಬಂದ್ರೆ ಹೇಗೆ? ಅದರ ಪಾಡಿಗೆ ಅದು ಇರುತ್ತೆ." ಅವರು ಕರುಣೆಯಿಂದಲೇ ಹೇಳಿದ್ದು. ಆದರೆ ಚಿಲಿಯ ಜೇಡ ಹಾಸನದ ಕಾಡಿನಲ್ಲಿ ಬದುಕುವ ಜೀವ ಅಲ್ಲ, ಬದುಕಿದರೆ ಇಲ್ಲಿನ ಜೀವಿಗಳಿಗೆ ಒಳ್ಳೆಯದಲ್ಲ. ಹೊರಗಿನ ಪ್ರಾಣಿಯನ್ನು ಎಂದೂ ಕಾಡಿಗೆ ಬಿಡಬಾರದು. ಹಾಗೆಯೇ ನಮ್ಮ ಘಟ್ಟದ ಟರಾಂಟುಲಾಗಳನ್ನು ಮನೆಗೆ ಹಿಡಿದು ತರಲೂಬಾರದು. ಮರದ ಪೊಟರೆಯಲ್ಲಿ ಬದುಕುವ ನಮ್ಮ ಪೊಯಿಸಿಲೋಥೇರಿಯಾ ಜಾತಿಗಳು 2019ರಿಂದ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಯಲ್ಲಿವೆ. ಇದನ್ನು ಹೇಳಿದಾಗ ಅವರು ಒಪ್ಪಿದರು. ಆಮೇಲೆ ಇಡೀ ಮನೆ ನಮ್ಮ ಜೊತೆ ನಿಂತಿತು.

ನೀರು ಮೊದಲು

ಜೇಡದ ಕಾಲು ಮಡಚಲು ಸ್ನಾಯು ಇದೆ. ಆದರೆ ಕಾಲಿನ ಮುಖ್ಯ ಕೀಲುಗಳನ್ನು ಚಾಚಲು ಸ್ನಾಯು ಇಲ್ಲ, ರಕ್ತದ ಒತ್ತಡದಿಂದಲೇ ಚಾಚಬೇಕು. ಮೈಯಲ್ಲಿ ನೀರು ಕಡಿಮೆಯಾದರೆ ಒತ್ತಡ ಇಳಿಯುತ್ತದೆ, ಕಾಲುಗಳು ಹೊಟ್ಟೆಯಡಿಗೆ ಮುದುಡಿಕೊಳ್ಳುತ್ತವೆ. ಊಟವಿಲ್ಲದೆ ಈ ಜಾತಿ ತಿಂಗಳುಗಟ್ಟಲೆ ಇರಬಲ್ಲದು. ಏನೂ ಕಾಯಿಲೆ ಇಲ್ಲದಿದ್ದರೂ ತಾನಾಗಿ ಊಟ ಬಿಟ್ಟು ಕೂರುವುದರಲ್ಲಿ ಇದು ಹೆಸರಾದದ್ದು. ನೀರಿಲ್ಲದೆ ಹಾಗೆ ಇರಲಾಗದು.

ಮೂರು ದಿನಕ್ಕೊಮ್ಮೆ ಅಗಲವಾದ ತಗ್ಗು ಬಟ್ಟಲಿನಲ್ಲಿ ಕಾಯಿಸಿ ಆರಿಸಿದ ನೀರು ತುಂಬಿ ಅವಳ ಬಾಯಿಯ ಮುಂದೆ ಇಟ್ಟೆವು. ನಾಲ್ಕನೇ ದಿನ ರಾತ್ರಿ ಅವಳು ಮುಖ ಬಗ್ಗಿಸಿ ಬಟ್ಟಲಿನಲ್ಲಿ ಅದ್ದಿ ಇಪ್ಪತ್ತು ನಿಮಿಷ ಹಾಗೇ ಇದ್ದಳು. ಹುಡುಗ ಉಸಿರು ಬಿಗಿಹಿಡಿದು ನೋಡುತ್ತಿದ್ದ. ಬಾಯಿ ಕೆಲಸ ಮಾಡುತ್ತಿದೆ ಅನ್ನುವುದು ಆ ಹೊತ್ತಿಗೆ ಖಾತ್ರಿಯಾಯಿತು.

ಹೊಸ ಮನೆಯಾಗಿ ಉದ್ದ ಜಾಸ್ತಿ, ಎತ್ತರ ಕಡಿಮೆ ಇರುವ ಪ್ಲಾಸ್ಟಿಕ್ ಡಬ್ಬಿ ತಂದೆವು. ಕಾದ ಮೊಳೆಯಿಂದ ಪಕ್ಕದಲ್ಲಿ ಗಾಳಿಗೆ ತೂತು ಹಾಕಿದೆವು. ಒಳಗೆ ಮಣ್ಣಿನ ಬದಲು ಬಿಳಿ ಟಿಶ್ಯೂ ಹಾಸಿದೆವು. ರಕ್ತ ಒಸರಿದರೆ, ಊಟ ಚೆಲ್ಲಿದರೆ ತಕ್ಷಣ ಕಾಣಬೇಕಲ್ವಾ? ಹುಡುಗನ ಕೋಣೆಯಲ್ಲಿ ಸೊಳ್ಳೆ ಬತ್ತಿ, ಜಿರಲೆ ಸ್ಪ್ರೇ ಎರಡೂ ನಿಂತವು. ಕೀಟಗಳನ್ನು ಕೊಲ್ಲುವ ಆ ಮದ್ದು ಜೇಡವನ್ನೂ ಕೊಲ್ಲುತ್ತದೆ. ಅವನು ಇಡೀ ಚಳಿಗಾಲ ಸೊಳ್ಳೆ ಪರದೆಯೊಳಗೆ ಮಲಗಿದ.

ಸಾರು

ಆರನೇ ದಿನ ನಾನೊಂದು ತಪ್ಪು ಮಾಡಿದೆ. ಉಳಿದ ಅರ್ಧ ಕೋರೆಯಿಂದ ಏನಾದರೂ ಆಗಬಹುದಾ ನೋಡೋಣ ಅಂತ ಸಣ್ಣ ಜಿರಲೆಯೊಂದನ್ನು ಬಿಟ್ಟೆ. ಸಾಕಿದ ಡೂಬಿಯಾ ಜಿರಲೆ, ಮನೆಯದಲ್ಲ. ಗುಲಾಬಿ ಚಂಗನೆ ಹಾರಿ ಹಿಡಿದಳು. ಬಾಯಿಯ ಪಕ್ಕದ ಎರಡು ಪುಟ್ಟ ಕೈಗಳಿಂದ ತಬ್ಬಿ ಕಚ್ಚಲು ನೋಡಿದಳು. ಜಿರಲೆ ಜಾರಿಹೋಯಿತು. ಮತ್ತೆ ಹಿಡಿದಳು, ಮತ್ತೆ ಜಾರಿತು. ಮೂರನೇ ಸಲ ಅವಳು ಹಿಂದೆ ಸರಿದು ಮುಂಗಾಲು ಎತ್ತಿ ನಿಂತುಬಿಟ್ಟಳು. ಜಿರಲೆಯನ್ನು ತೆಗೆದೆವು. ಕಚ್ಚಲಾರದ ಜೇಡದ ಜೊತೆ ಜೀವಂತ ಹುಳು ಬಿಟ್ಟರೆ ಹುಳುವೇ ಅದನ್ನು ಕಡಿದು ಗಾಯ ಮಾಡಬಹುದು. ಈ ಪ್ರಯೋಗ ಬೇಕಿರಲಿಲ್ಲ. ಫೋಟೋದಲ್ಲಿ ಕಂಡದ್ದೇ ಸಾಕಿತ್ತು.

ಆಮೇಲೆ ಸೂಪರ್‌ವರ್ಮ್ ತಂದೆವು. ದೊಡ್ಡ ಅಕ್ವೇರಿಯಂ ಮೀನುಗಳಿಗೆ ಹಾಕುವ ಹುಳು ಇದು, ಅಂಗಡಿಯಲ್ಲಿ ಸಿಗುತ್ತದೆ. ಒಂಬತ್ತನೇ ದಿನ ಒಂದರ ತಲೆ ಜಜ್ಜಿ, ಮೈ ಸೀಳಿ ಅವಳ ಮುಂದಿಟ್ಟೆವು. ಮೂಸಲೂ ಇಲ್ಲ. ಬೆಳಿಗ್ಗೆ ತೆಗೆದು ಬಿಸಾಡಿದೆವು.

ನಡುವೆ ಅಜ್ಜಿಗೆ ರೇಷ್ಮೆ ಹುಳು ನೆನಪಾಯಿತು. ಅವರ ತವರು ಚನ್ನರಾಯಪಟ್ಟಣದ ಕಡೆ, ಅಲ್ಲಿ ಈಗಲೂ ನೆಂಟರು ಹುಳು ಮೇಯಿಸುತ್ತಾರೆ. ಮೆತ್ತಗಿನ ಹುಳು, ಸಿಪ್ಪೆ ಕಡಿಮೆ, ನಿಜಕ್ಕೂ ಒಳ್ಳೆಯ ಆಹಾರ. ಆದರೆ ಬೇಡ ಅಂದೆ. ಹುಳುಮನೆಯಲ್ಲಿ ರೋಗ ಬಾರದಿರಲಿ ಅಂತ ಹುಳುವಿನ ಹಾಸಿಗೆ ಮೇಲೆ ಸುಣ್ಣ, ಸೋಂಕು ನಿವಾರಕ ಪುಡಿ ಉದುರಿಸುತ್ತಾರೆ. ಅದು ಗುಲಾಬಿಯ ಬಾಯಿಗೆ ಹೋಗುವುದು ನನಗೆ ಬೇಡವಾಗಿತ್ತು.

ಹದಿಮೂರನೇ ದಿನ ಸಾರು ಮಾಡಿದೆವು. ಮಾಡುವ ರೀತಿ ಹೀಗೆ. ಒಂದು ಸೂಪರ್‌ವರ್ಮನ್ನು ಫ್ರೀಜರಿನಲ್ಲಿಟ್ಟು ಕೊಂದು, ಹೊರಗೆ ತೆಗೆದು ಚಳಿ ಬಿಡಿಸಬೇಕು. ತಲೆ ಕತ್ತರಿಸಿ, ಒಳಗಿನದನ್ನು ಚಮಚದ ಹಿಂಬದಿಯಿಂದ ಸೋಡಾ ಬಾಟಲಿಯ ಮುಚ್ಚಳಕ್ಕೆ ಹಿಂಡಬೇಕು. ಸಿಪ್ಪೆ ಬಿಸಾಡಬೇಕು. ನಾಲ್ಕೈದು ಹನಿ ನೀರು ಬೆರೆಸಿ ಗಂಟಿಲ್ಲದ ಹಾಗೆ ಅರೆಯಬೇಕು. ಉಪ್ಪು, ಸಕ್ಕರೆ, ಹಾಲು ಏನೂ ಸೇರಿಸಬಾರದು. ಹಾಲು ಹಾಕಿದರೆ ಶಕ್ತಿ ಬರುತ್ತದೆ ಅಂತ ಮನೆಯಲ್ಲಿ ಒಬ್ಬರು ಹೇಳಿದರು. ಜೇಡ ಹುಳು ತಿನ್ನುವ ಪ್ರಾಣಿ, ಅದಕ್ಕೆ ಹುಳುವೇ ಸಾಕು.

ಮುಚ್ಚಳವನ್ನು ಡಬ್ಬಿಯ ಮೂಲೆಯಲ್ಲಿಟ್ಟು, ಬ್ರಷ್ಷಿನಿಂದ ಸವರಿ ಅವಳನ್ನು ಅದರ ಮೇಲೆ ತಂದು ನಿಲ್ಲಿಸಿದೆವು. ಬಾಯಿ ಸರಿಯಾಗಿ ಮುಚ್ಚಳದ ಮೇಲೆ ಬರಬೇಕು. ದೀಪ ಆರಿಸಿ, ಕೆಂಪು ಕಾಗದ ಸುತ್ತಿದ ಟಾರ್ಚ್ ಇಟ್ಟುಕೊಂಡು ಕೂತೆವು. ಅರ್ಧ ಗಂಟೆ ಕಲ್ಲಿನ ಹಾಗೆ ನಿಂತಿದ್ದಳು. ನಲವತ್ತು ನಿಮಿಷದ ಹೊತ್ತಿಗೆ ಪುಟ್ಟ ಕೈಗಳು ಅಲುಗಿದವು. ಮುರಿದ ಕೋರೆಯ ಬುಡಗಳು ಒಂದಾದ ಮೇಲೊಂದು ಮೇಲೆ ಕೆಳಗೆ ಆಡತೊಡಗಿದವು. ಬಾಯಿಯಿಂದ ತಿಳಿ ಹನಿಯೊಂದು ಸಾರಿಗೆ ಬಿತ್ತು. ಜೀರ್ಣರಸ. ಆಮೇಲೆ ಸಾರು ಮೆಲ್ಲಗೆ ಇಳಿಯತೊಡಗಿತು.

"ಆಂಟಿ, ಕುಡೀತಿದ್ದಾಳೆ" ಅಂದ. ಗಂಟಲು ಕಟ್ಟಿತ್ತು. ಹನ್ನೆರಡನೇ ದಿನ 20.7 ಗ್ರಾಂ ಇದ್ದವಳು ಕುಡಿದಾದ ಮೇಲೆ 21.0 ಆದಳು.

ಇರುವೆಗಳ ವಿಷಯ ಇಲ್ಲಿಯೇ ಹೇಳಬೇಕು. ಹುಳುವಿನ ಸಾರಿನ ವಾಸನೆಗೆ ಒಂದೇ ಗಂಟೆಯಲ್ಲಿ ಸಾಲುಗಟ್ಟಿ ಬಂದವು. ಅಡುಗೆಮನೆಯಲ್ಲಿ ಬೆಲ್ಲದ ಡಬ್ಬಿಯನ್ನು ನೀರಿನ ತಟ್ಟೆಯಲ್ಲಿ ಇಡುತ್ತೇವಲ್ಲ, ಗುಲಾಬಿಯ ಡಬ್ಬಿಯನ್ನೂ ಹಾಗೇ ದೊಡ್ಡ ತಟ್ಟೆಯ ನಡುವೆ ಇಟ್ಟಿಗೆ ಹಾಕಿ ಅದರ ಮೇಲೆ ಇಟ್ಟೆವು. ಎರಡು ಗಂಟೆಗಿಂತ ಜಾಸ್ತಿ ಸಾರು ಒಳಗಿಡಲಿಲ್ಲ. ಟಿಶ್ಯೂ ಪ್ರತಿ ಸಲ ಬದಲಿಸಿದೆವು.

ಇಪ್ಪತ್ತನಾಲ್ಕನೇ ದಿನ

ಆ ಮೊದಲ ಗೆಲುವಿನಿಂದ ನಮಗೆ ಆಸೆ ಹೆಚ್ಚಾಯಿತು. ಹುಡುಗ ದಿನಾ ಕೊಡೋಣ ಅನ್ನುತ್ತಿದ್ದ. ಅಜ್ಜಿ ದಿನಾ ಸಂಜೆ ಬಂದು "ಹಸ್ಕೊಂಡೈತೆ ಕಣವ್ವಾ, ಹೊಟ್ಟೆ ನೋಡು" ಅನ್ನುತ್ತಿದ್ದರು. ನಾನೂ ಕರಗಿದೆ. ಹದಿನೇಳಕ್ಕೆ ಒಂದು ಸಲ, ಇಪ್ಪತ್ತೊಂದಕ್ಕೆ ಒಂದು ಸಲ ಕೊಟ್ಟೆವು. ಎರಡೂ ಸಲ ಅರ್ಧಕ್ಕೆ ಬಿಟ್ಟಳು. ಇಪ್ಪತ್ತನಾಲ್ಕನೇ ದಿನ ಅವಳು ಮುಚ್ಚಳದ ಹತ್ತಿರವೇ ಬರದಿದ್ದಾಗ ನಾನು ಸಿರಿಂಜಿನಲ್ಲಿ ಸಾರು ತುಂಬಿ ನೇರ ಬಾಯಿಯ ಹತ್ತಿರ ಬಿಟ್ಟೆ. ಬೇಕಾದ್ದಕ್ಕಿಂತ ಜಾಸ್ತಿ ಬಿತ್ತು. ಅವಳು ಕುಡಿಯಲಿಲ್ಲ, ಓಡಿದಳು. ಬಾಯಿಯ ಸುತ್ತಲಿನ ಕೂದಲಿಗೆಲ್ಲ ಸಾರು ಅಂಟಿತು. ಬೆಳಿಗ್ಗೆ ನೋಡಿದರೆ ಒಣಗಿ ಗಟ್ಟಿ ಹಕ್ಕಳೆಯಾಗಿತ್ತು.

ಆ ಕೂದಲೇ ಅವಳ ಸೋಸುವ ಬಟ್ಟೆ. ಅದು ಕಟ್ಟಿಕೊಂಡರೆ ನೀರೂ ಒಳಗೆ ಹೋಗದು, ಕೊಳೆತರೆ ಬಾಯಿಗೆ ಸೋಂಕು. ಅವತ್ತು ಭಾನುವಾರ. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ಹಿಂಡಿ, ಬಾಯಿಗೆ ತಾಗಿಸಿ ಹಿಡಿಯುವುದು, ಮೆತ್ತಗಾದಷ್ಟು ತೆಗೆಯುವುದು, ಅವಳು ಬೇಡ ಅಂದು ಸರಿದಾಗ ನಿಲ್ಲಿಸುವುದು. ಹೀಗೆ ಎರಡೂವರೆ ಗಂಟೆ. ಕೊನೆಯ ಚೂರು ಬಂದಾಗ ಅವಳೇ ಮುಂಗಾಲನ್ನು ಬಾಯಿಗೆ ತಂದು ಒರೆಸಿಕೊಳ್ಳತೊಡಗಿದಳು.

ಅವತ್ತು ಕೂತು ನೋಟ್‌ಬುಕ್ ತಿರುವಿದೆ. ಹನ್ನೆರಡು ದಿನ ಏನೂ ತಿನ್ನದಿದ್ದಾಗ ಅವಳು ಕಳೆದುಕೊಂಡದ್ದು ಒಂದು ಗ್ರಾಮಿಗಿಂತ ಕಡಿಮೆ. ಅಜ್ಜಿ ತೋರಿಸಿದ ಹೊಟ್ಟೆ ಸ್ವಲ್ಪ ಸಣ್ಣಗಾಗಿತ್ತು ನಿಜ, ಸುಕ್ಕುಗಟ್ಟಿರಲಿಲ್ಲ. ನಡಿಗೆ ನೆಟ್ಟಗಿತ್ತು. ಅವಳಿಗೆ ಅವಸರ ಇರಲಿಲ್ಲ, ಅವಸರ ಇದ್ದದ್ದು ನಮಗೆ. ದಿನಕ್ಕೆ ಮೂರು ಹೊತ್ತು ಉಣ್ಣುವ ನಾವು ನಮ್ಮ ಹೊಟ್ಟೆಯ ಗಡಿಯಾರವನ್ನು ಅವಳಿಗೆ ಕಟ್ಟಿದ್ದೆವು. ಆ ದಿನ ಹುಡುಗನಿಗೂ ಅಜ್ಜಿಗೂ ಕೂರಿಸಿಕೊಂಡು ಹೇಳಿದೆ. ಸಾರು ಹನ್ನೆರಡು ದಿನಕ್ಕೊಮ್ಮೆ ಮಾತ್ರ. ಮುಚ್ಚಳದಲ್ಲಿ ಇಡುವುದು, ಕುಡಿದರೆ ಸರಿ, ಬಿಟ್ಟರೆ ಎತ್ತಿಬಿಡುವುದು. ಸಿರಿಂಜ್ ನೀರಿನ ಹನಿ ಬಿಡಲಿಕ್ಕೆ ಅಷ್ಟೇ. ಹುಡುಗ ತಲೆಯಾಡಿಸಿದ. ಅಜ್ಜಿ ಅರೆಮನಸ್ಸಿನಿಂದ ಹೂಂ ಅಂದರು.

ಡಿಸೆಂಬರ್, ಜನವರಿ ಹೆಚ್ಚು ಬರೆಯುವಂಥದ್ದಿಲ್ಲದೆ ಕಳೆದವು. ಹಾಸನಕ್ಕೆ ಬಡವರ ಊಟಿ ಅನ್ನುತ್ತಾರೆ, ರಾತ್ರಿ ಚೆನ್ನಾಗಿಯೇ ಚಳಿ. ಬಲ್ಬ್ ಹಾಕಿ ಬಿಸಿ ಮಾಡೋಣ ಅಂದ ಹುಡುಗ. ಬಲ್ಬಿನ ಬಿಸಿ ಮೈ ಒಣಗಿಸುತ್ತದೆ, ಈ ಜಾತಿ ಇಷ್ಟು ಚಳಿ ತಡೆಯುತ್ತದೆ ಅಂತ ಬೇಡ ಅಂದೆ. ಡಬ್ಬಿಯನ್ನು ಕಿಟಕಿಯಿಂದ ದೂರ, ಮರದ ಕಪಾಟಿನೊಳಗೆ ಇಟ್ಟೆವು. ದೇವರ ಕೋಣೆ ಬೆಚ್ಚಗಿದ್ದರೂ ಊದಿನಕಡ್ಡಿ ಹೊಗೆಯ ಕಾರಣಕ್ಕೆ ಅಲ್ಲಿ ಇಡಲಿಲ್ಲ. ಚಳಿಯಲ್ಲಿ ಜೀರ್ಣವೂ ನಿಧಾನ, ಹಾಗಾಗಿ ಸಾರಿನ ನಡುವಿನ ಅಂತರವನ್ನು ಹದಿನೈದು ದಿನಕ್ಕೆ ಏರಿಸಿದೆವು. ನಲವತ್ತೈದನೇ ದಿನ 20.5 ಗ್ರಾಂ. ಎಂಬತ್ತನಾಲ್ಕನೇ ದಿನ 20.9.

ಜ್ವರಕ್ಕೆ ಕೂತದ್ದು

ತುರಿಕೆ ಕೂದಲು ಉದುರಿ ಗುಲಾಬಿಯ ಹೊಟ್ಟೆಯ ಮೇಲೆ ಬೋಳು ಜಾಗವೊಂದು ಇತ್ತು, ಚರ್ಮದ ಬಣ್ಣದ್ದು. ಎಂಬತ್ತನಾಲ್ಕನೇ ದಿನ ತೂಕ ನೋಡುವಾಗ ಅದು ಕಪ್ಪಗಾಗಿತ್ತು. ಒಳಗೆ ಹೊಸ ಚರ್ಮ, ಹೊಸ ಕೂದಲು ಬೆಳೆದಿರುವ ಗುರುತು. ಅವತ್ತಿನಿಂದ ಸಾರು ಪೂರ್ತಿ ನಿಲ್ಲಿಸಿದೆವು. ಟಿಶ್ಯೂ ತೆಗೆದು ತೆಂಗಿನ ನಾರಿನ ಪುಡಿ ಹಾಸಿ, ಒಂದು ಮೂಲೆಯನ್ನು ಒದ್ದೆ ಮಾಡಿಟ್ಟೆವು. ತೊಂಬತ್ತಾರನೇ ದಿನ ಅವಳು ನೆಲಕ್ಕೆ ತೆಳ್ಳಗೆ ಬಲೆಯ ಚಾಪೆ ನೇಯ್ದಿದ್ದಳು.

ಅಜ್ಜಿ ಡಬ್ಬಿಯೊಳಗೆ ಇಣುಕಿ ನೋಡಿ ಒಂದೇ ಮಾತು ಅಂದರು. "ಜ್ವರಕ್ಕೆ ಕೂತೈತೆ."

ರೇಷ್ಮೆ ಬೆಳೆಯುವವರು ಹುಳು ಪೊರೆ ಬಿಡುವುದಕ್ಕೆ ಜ್ವರ ಅನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. ಜ್ವರಕ್ಕೆ ಕೂತ ಹುಳು ತಲೆ ಎತ್ತಿಕೊಂಡು ಅಲುಗಾಡದೆ ಇರುತ್ತದೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು. ಅಜ್ಜಿ ಚಿಕ್ಕಂದಿನಲ್ಲಿ ಎಷ್ಟು ಸಲ ನೋಡಿದ್ದರೋ. ಎರಡು ತಿಂಗಳಿಂದ ಹಸ್ಕೊಂಡೈತೆ ಅನ್ನುತ್ತಿದ್ದವರು ಅವತ್ತಿನಿಂದ ಕಾವಲಿಗೆ ಕೂತರು. ಯಾರಾದರೂ ಕಪಾಟಿನ ಬಾಗಿಲು ಜೋರಾಗಿ ಹಾಕಿದರೆ ಗದರುತ್ತಿದ್ದರು. ನಾನು ಪಾಠ ಮಾಡಿ ತಿಳಿಸಲಾಗದ್ದು ಅವರದೇ ಅನುಭವದ ಒಂದು ಶಬ್ದದಿಂದ ಮನೆಯವರಿಗೆಲ್ಲ ತಿಳಿಯಿತು.

ನೂರಾ ಮೂರನೇ ದಿನ ಬೆಳಿಗ್ಗೆ ಐದೂವರೆಗೆ ಹುಡುಗನ ಫೋನ್. "ಆಂಟಿ, ಸತ್ತೋಗಿದ್ದಾಳೆ. ಅಂಗಾತ ಬಿದ್ದಿದ್ದಾಳೆ."

"ಮುಟ್ಟಬೇಡ ಕಣೋ" ಅಂದೆ, ಚಪ್ಪಲಿ ಹಾಕಿಕೊಳ್ಳುತ್ತಲೇ. ಸಾಯುವ ಟರಾಂಟುಲಾ ಸಾಮಾನ್ಯವಾಗಿ ಹೊಟ್ಟೆ ಕೆಳಗಾಗಿಯೇ ಇರುತ್ತದೆ, ಕಾಲು ಅಡಿಗೆ ಮುದುಡಿಕೊಳ್ಳುತ್ತದೆ. ಬೆನ್ನ ಮೇಲೆ ಅಂಗಾತ ಮಲಗುವುದು ಪೊರೆ ಬಿಡಲು. ಇದು ಗೊತ್ತಿಲ್ಲದೆ ಸತ್ತಿದೆ ಅಂತ ಎತ್ತಿ ಬಿಸಾಡಿದರೆ, ಇಲ್ಲವೇ ನೆಟ್ಟಗೆ ತಿರುಗಿಸಲು ಹೋದರೆ, ಆಗ ನಿಜವಾಗಿಯೂ ಸಾಯುತ್ತದೆ.

ನನಗಿದ್ದ ಭಯ ಬಲಗಡೆಯ ಕೋರೆಯದು. ಗಾಯವಾದ ಭಾಗ ಹಳೆಯ ಪೊರೆಗೆ ಅಂಟಿಕೊಂಡರೆ ಬಿಡಿಸಿಕೊಳ್ಳಲು ಆಗುವುದಿಲ್ಲ. ಎಂಟು ಗಂಟೆಗೆ ಬೆನ್ನ ಮೇಲಿನ ಚಿಪ್ಪು ಮುಚ್ಚಳದ ಹಾಗೆ ತೆರೆಯಿತು. ಆಮೇಲೆ ಕೋರೆಗಳು ಹೊರಬಂದವು, ಬೆಳ್ಳಗೆ. ಕಾಲುಗಳು ಉಸಿರೆಳೆದ ಹಾಗೆ ಹಿಗ್ಗುತ್ತಾ ಕುಗ್ಗುತ್ತಾ ಸ್ವಲ್ಪ ಸ್ವಲ್ಪವೇ ಈಚೆ ಬಂದವು. ನಾನು ಕಾಲೇಜಿಗೆ ಅರ್ಧ ದಿನ ರಜ ಹಾಕಿದ್ದೆ. ಮಧ್ಯಾಹ್ನ ಹನ್ನೆರಡೂವರೆಗೆ ಹಳೆಯ ಗುಲಾಬಿ ಒಂದು ಪಕ್ಕ, ಹೊಸ ಗುಲಾಬಿ ಇನ್ನೊಂದು ಪಕ್ಕ ಇದ್ದರು. ಎಲ್ಲೂ ಅಂಟಿರಲಿಲ್ಲ.

ಪೊರೆಯನ್ನು ಸೋಪು ನೀರಲ್ಲಿ ನೆನೆಹಾಕಿ ಮೆತ್ತಗಾದ ಮೇಲೆ ಬಿಡಿಸಿ ನೋಡಿದೆವು. ಹೊಟ್ಟೆಯ ಒಳಮೈಯಲ್ಲಿ ವೀರ್ಯ ಕೂಡಿಡುವ ಚೀಲದ ಗುರುತು ಇತ್ತು, ಹೆಣ್ಣು ಅನ್ನುವುದಕ್ಕೆ ಇದ್ದ ಅನುಮಾನ ಹೋಯಿತು. ಹಳೆಯ ಕೋರೆಗಳೂ ಅದರಲ್ಲೇ ಇದ್ದವು. ಬಲಗಡೆ ಬುಡದಲ್ಲಿ ಮೊಂಡು, ಎಡಗಡೆ ಅರ್ಧ. ಎರಡನೇ ದಿನ ಮಿಠಾಯಿ ಡಬ್ಬಿಯ ಅಡಿಯಿಂದ ಕಂಡದ್ದು ಸರಿಯಾಗಿತ್ತು.

ಈಗಿನ ಸ್ಥಿತಿ

ಹೊಸ ಎಡ ಕೋರೆ ಪೂರ್ತಿ ಉದ್ದ ಬಂದಿದೆ. ಬಲಗಡೆಯದು ಮೂರನೇ ಎರಡು ಭಾಗದಷ್ಟಿದೆ. ಹೋದ ಕಾಲಿನ ಜಾಗದಲ್ಲಿ ಸಣಕಲು ಕಾಲೊಂದು ಬಂದಿದೆ, ಅದನ್ನು ನೆಲಕ್ಕೂರುತ್ತಾಳೆ. ಪೊರೆ ಬಿಟ್ಟ ಮೇಲೆ ತೂಕ 18.9 ಗ್ರಾಂ.

ಬೆಳ್ಳಗಿದ್ದ ಕೋರೆ ಕೆಂಪಾಗಿ, ಆಮೇಲೆ ಕಪ್ಪಾಗುವ ತನಕ ಕಾದೆವು. ಮೆತ್ತಗಿರುವಾಗ ಊಟ ಕೊಟ್ಟರೆ ಹೊಸ ಕೋರೆಯೂ ಬಾಗುತ್ತದೆ ಅಥವಾ ಮುರಿಯುತ್ತದೆ. ಹದಿನಾರು ದಿನ ಬರೀ ನೀರು. ಈ ಸಲ ಯಾರೂ ಅವಸರ ಮಾಡಲಿಲ್ಲ. ನೂರಾ ಹತ್ತೊಂಬತ್ತನೇ ದಿನ ಕೊಂದ ಜಿರಲೆಯೊಂದನ್ನು ಮುಂದಿಟ್ಟಾಗ ಚುಚ್ಚಿ ಎತ್ತಿಕೊಂಡಳು. ಯುಗಾದಿಯ ಹೊತ್ತಿಗೆ, ನೂರಾ ನಲವತ್ತನೇ ದಿನ, ಸಣ್ಣದೊಂದು ಜೀವಂತ ಜಿರಲೆಯನ್ನು ತಾನೇ ಹಿಡಿದಳು. ತಲೆ ಮಾತ್ರ ಹುಡುಗ ಮೊದಲೇ ಜಜ್ಜಿದ್ದ, ತಿರುಗಿ ಕಚ್ಚಬಾರದು ಅಂತ. ತೂಕ 21.8.

ಬಲ ಕೋರೆ ಪೂರ್ತಿಯಾಗಲು ಇನ್ನೊಂದು ಪೊರೆ ಬೇಕಾಗಬಹುದು, ಅಂದರೆ ಒಂದೆರಡು ವರ್ಷ. ಅಲ್ಲಿಯವರೆಗೆ ದೊಡ್ಡ ಹುಳು, ಗಟ್ಟಿ ಸಿಪ್ಪೆಯ ಹುಳು ಕೊಡುವುದಿಲ್ಲ. ಹೊಸ ಮುಚ್ಚಳ ಅಕ್ರಿಲಿಕ್ಕಿನದು, ಬುಡದಿಂದ ಮುಚ್ಚಳಕ್ಕೆ ಆರು ಇಂಚು ಎತ್ತರ.

ಜೀವಂತ ಜಿರಲೆ ಹಿಡಿದ ಮಾರನೇ ಬೆಳಿಗ್ಗೆ ನೀರಿನ ಬಟ್ಟಲಿನ ಪಕ್ಕದಲ್ಲಿ ಹೀರಿ ಬಿಟ್ಟ ಸಿಪ್ಪೆಯ ಉಂಡೆ ಬಿದ್ದಿತ್ತು, ಒಂದು ಅವರೆಕಾಳಿನಷ್ಟು. ಅವಳು ತಾನೇ ಹಿಡಿದ ಬೇಟೆಯ ಉಂಡೆಯನ್ನು ಸುಮಾರು ಐದು ತಿಂಗಳಿಂದ ನೋಡಿರಲಿಲ್ಲ. ಹುಡುಗ ಅದನ್ನು ಚಿಮಟದಲ್ಲಿ ಎತ್ತಿ ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಮೊದಲು ಅಜ್ಜಿಗೆ, ಆಮೇಲೆ ನಮ್ಮ ಮನೆಗೆ ತಂದು ತೋರಿಸಿದ.